ನಾಲ್ಕು ಮಾತ್ರೆ

ಬೆಳಗ್ಗೆ ಎಂಟು ಗಂಟೆಗೆ ಔಷಧಿ ಅಂಗಡಿಯ ಮುಂದೆ ನಿಂತು, ಗಂಟಲಿಗೆ ಚೀಪುವ ಮಾತ್ರೆ ಕೊಡಿ ಅನ್ನುವುದನ್ನು ಬಾಯಿ ಬಿಡದೆ ಹೇಳುವುದು ಹೇಗೆ ಅಂತ ಮಿಂಚಿಗೆ ತಿಳಿಯಲಿಲ್ಲ. ಮೊದಲು ಗಂಟಲು ಮುಟ್ಟಿ ತೋರಿಸಿದ. ಅಂಗಡಿಯ ಹೆಂಗಸು ಕೆಮ್ಮಿನ ಔಷಧಿಯ ಬಾಟಲಿ ತೆಗೆದಿಟ್ಟಳು. ಅಲ್ಲ ಅಂತ ತಲೆಯಾಡಿಸಿ, ಏನೋ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ಅದನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದ. ಹಲ್ಲು ನೋವಿನ ಮಾತ್ರೆ ಬಂತು. ಅಷ್ಟರಲ್ಲಿ ಅವಳು ಕನ್ನಡಕ ಸರಿಮಾಡಿಕೊಂಡು ಅವನ ಮುಖ ನೋಡಿದಳು, ಕೈ ಬಾಯಿಗೆ ಹೋಯಿತು, ಅಯ್ಯೋ ನಮ್ಮ ಮೈದುನ ಅಲ್ವಾ ಅಂದವಳ ಕಣ್ಣು ತುಂಬಿಯೇ ಬಿಟ್ಟಿತು. ಹಿಂದೆ ಸಾಲಿನಲ್ಲಿದ್ದವರೆಲ್ಲ ಮುಂದೆ ಬಂದರು. ಮುದುಕರೊಬ್ಬರು ಅವನ ಕಿವಿಯ ಹತ್ತಿರ ಬಾಯಿಟ್ಟು, ಒಂದೊಂದೇ ಅಕ್ಷರ ಬಿಡಿಸಿ, ಚೆನ್ನಾಗಿದ್ದೀಯಾ ಅಂತ ಕೂಗಿದರು. ಮಾತು ಬರದವನಿಗೆ ಕಿವಿಯೂ ಕೇಳುವುದಿಲ್ಲ ಅಂತ ಜನ ಯಾಕೆ ತೀರ್ಮಾನ ಮಾಡುತ್ತಾರೋ. ಅವನು ಚೆನ್ನಾಗಿದ್ದೇನೆ ಅಂತ ಕತ್ತು ಕುಣಿಸಿದ. ಇವತ್ತು ಸಂಜೆ ಏಳಕ್ಕೆ ನಿನಗೆ ಮಾತು ಬರುತ್ತಂತಲ್ಲಪ್ಪ, ಒಳ್ಳೇದಾಗಲಿ, ಅಂತ ಅಂಗಡಿಯವಳು ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಅವನ ಅಂಗೈಗೆ ಹಾಕಿ, ಬೆರಳು ಮಡಚಿ, ಮೇಲೆ ತನ್ನ ಕೈಯಿಟ್ಟು ಒತ್ತಿದಳು. ರ‍್ಯಾಪ್ ಹಾಡುತ್ತಾ ಒಂದು ಉಸಿರಿಗೆ ನೂರ ಹನ್ನೆರಡು ಅಕ್ಷರ ಉಗುಳುತ್ತಿದ್ದ ಬಾಯಿ ಅದು. ಈಗ ಥ್ಯಾಂಕ್ಸ್ ಅನ್ನುವುದಕ್ಕೂ ಎದೆ ಮುಟ್ಟಿಕೊಳ್ಳಬೇಕಾಗಿತ್ತು.

ಎದೆ ಮುಟ್ಟಿಕೊಂಡೇ ಮನೆಯ ಕಡೆ ನಡೆದ. ಟೀವಿಯ ಧಾರಾವಾಹಿಯಲ್ಲಿ ಅವನದು ಮಾತಿಲ್ಲದ ಮೈದುನನ ಪಾತ್ರ. ಹದಿನೆಂಟು ವರ್ಷದ ಹಿಂದೆ ನೋಡಬಾರದ್ದೇನನ್ನೋ ನೋಡಿ ಮಾತು ಬಿಟ್ಟವನು. ಏನು ನೋಡಿದ ಅನ್ನುವುದು ಕಥೆ ಬರೆಯುವವನಿಗೂ ಇನ್ನೂ ತೀರ್ಮಾನವಾಗಿರಲಿಲ್ಲ. ಅತ್ತಿಗೆಗೆ ಯಾರೋ ವಿಷದ ಹಾಲು ಕೊಡುವಾಗ ಅವನಿಗೆ ಮಾತು ಬರಬೇಕು ಅಂತ ಚಾನೆಲ್ಲಿನವರಿಗೆ ಹೊಳೆದಿದ್ದೇ ತಡ, ಒಂದು ಕಾಗದ ತಂದು ಮುಂದಿಟ್ಟರು. ಪಾತ್ರವು ಮಾತಾಡುವ ದಿನದ ತನಕ ಕಲಾವಿದನು ಸಾರ್ವಜನಿಕವಾಗಿ ಮಾತಾಡತಕ್ಕದ್ದಲ್ಲ, ಹಾಡತಕ್ಕದ್ದಲ್ಲ, ಕೂಗತಕ್ಕದ್ದಲ್ಲ. ಊರಿಗೆ ಊರೇ ನಿನ್ನ ಬಾಯಿ ನೋಡ್ತಾ ಕೂತಿರುತ್ತೆ, ಮೊದಲನೇ ಮಾತು ಅಂದರೆ ಸುಮ್ಮನೇನಾ, ಅಂದರು. ಅವನ ರ‍್ಯಾಪ್ ಕೇಳುವುದಕ್ಕೆ ಅಲ್ಲಿಯ ತನಕ ಅತಿ ಹೆಚ್ಚು ಅಂದರೆ ಅರವತ್ತು ಜನ ಸೇರಿದ್ದರು, ಅದರಲ್ಲಿ ಹನ್ನೊಂದು ಜನ ಮುಂದಿನ ಕಾರ್ಯಕ್ರಮದವರು. ಸಹಿ ಹಾಕಿದ. ಅದೇ ದಿನ ಮಧ್ಯಾಹ್ನ ಮೂರಕ್ಕೆ, ತಾನೂ ಗೆಳೆಯ ಗುಡುಗೂ ಸೇರಿದ ಮಿಂಚು ಮತ್ತು ಗುಡುಗು ಜೋಡಿಯ ಕಾರ್ಯಕ್ರಮ ಇದೆ ಅನ್ನುವುದು ಸಹಿ ಹಾಕುವಾಗ ನೆನಪಿರಲಿಲ್ಲ ಅಂತ ಅವನು ತನಗೆ ತಾನೇ ನಲವತ್ತೊಂದು ದಿನದಿಂದ ಹೇಳಿಕೊಳ್ಳುತ್ತಿದ್ದ. ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಬರಲ್ಲ ಅಂತ ಗುಡುಗಿಗೆ ಒಂದು ಮೆಸೇಜು ಹಾಕಬಹುದಿತ್ತು, ಬೆರಳಿಗೆ ಯಾವ ಒಪ್ಪಂದವೂ ಇರಲಿಲ್ಲ. ಹಾಕಲಿಲ್ಲ.

ಆ ಕಾರ್ಯಕ್ರಮದ ವಿಡಿಯೋವನ್ನು ಯಾರೋ ಮೇಕಪ್ ಕೋಣೆಯಲ್ಲಿ ತೋರಿಸಿದ್ದರು. ಗುಡುಗು ಒಬ್ಬನೇ ವೇದಿಕೆಯ ಮೇಲೆ ನಿಂತಿದ್ದ. ತನ್ನ ಸಾಲು ಹೇಳುತ್ತಿದ್ದ, ಮಿಂಚಿನ ಸಾಲು ಬರಬೇಕಾದ ಜಾಗದಲ್ಲಿ ಸುಮ್ಮನೆ ನಿಲ್ಲುತ್ತಿದ್ದ, ತಾಳ ಓಡುತ್ತಿತ್ತು, ಪಕ್ಕದ ಮೈಕಿನ ಕಡೆ ತಿರುಗಿ ನೋಡುತ್ತಿದ್ದ, ಮತ್ತೆ ತನ್ನ ಸಾಲು. ಪೂರ್ತಿ ಹಾಡು ಹಾಗೇ. ಜನ ಅದನ್ನೇನೋ ಹೊಸ ಪ್ರಯೋಗ ಅಂದುಕೊಂಡು ಚಪ್ಪಾಳೆ ತಟ್ಟಿದ್ದರು. ಮಿಂಚಿಗೆ ಎದ್ದು ಹೋಗುವ ಹಾಗಿರಲಿಲ್ಲ, ಕೆನ್ನೆಗೆ ಬಣ್ಣ ಹಚ್ಚುತ್ತಿದ್ದರು. ವಾರ ಕಳೆದ ಮೇಲೆ ಗುಡುಗಿನ ಹೊಸ ಹಾಡು ಬಂತು, ನೇರವಾಗಿ ಮಿಂಚಿನ ಮೇಲೆಯೇ. ನಾಲಿಗೆ ಮಾರಿದ, ಮೌನವ ಕೊಂಡನು, ಅಂತ ಪಲ್ಲವಿ. ಬೈದಿದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು, ಮಾತ್ರೆಯ ಲೆಕ್ಕ ಒಂದು ಕೂದಲೂ ತಪ್ಪಿರಲಿಲ್ಲ. ಹೊಟ್ಟೆ ಉರಿದದ್ದು ಅದಕ್ಕೆ. ಆ ಲೆಕ್ಕ ಅವರಿಬ್ಬರಿಗೂ ಕಲಿಸಿದವಳು ಮಿಂಚಿನ ಅಮ್ಮ, ಶಾಲೆಯಲ್ಲಿ ಮೂವತ್ತು ವರ್ಷ ಭಾಷೆ ಕಲಿಸಿದವಳು. ದೀರ್ಘಕ್ಕೆ ಎರಡು, ಸೊನ್ನೆ ಇದ್ದದ್ದಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೆ ಎರಡು, ಉಳಿದದ್ದಕ್ಕೆಲ್ಲ ಒಂದೊಂದು ಅಂತ ಅಡುಗೆಮನೆಯ ಮೇಜಿನ ಮೇಲೆ ಸೌಟಿನಲ್ಲಿ ಕುಟ್ಟಿ ಕುಟ್ಟಿ ಹೇಳಿಕೊಟ್ಟಿದ್ದಳು. ಜೋಡಿಗೆ ಹೆಸರಿಟ್ಟವಳೂ ಅವಳೇ. ಮಿಂಚು ಒಂಟಿಯಾಗಿ ಮೂರೇ ಮಾತ್ರೆ ಕಣ್ರೋ, ಗುಡುಗೂ ಮೂರೇ, ಮಿಂಚೂ ಗುಡುಗೂ ಅಂತ ಸೇರಿಸಿ ಹೇಳಿದರೆ ಮಾತ್ರ ತಲಾ ನಾಲ್ಕು, ಅಂದಿದ್ದಳು. ಗುಡುಗು ಯಾವಾಗಲೂ ಅರ್ಧ ಮಾತ್ರೆ ತಡವಾಗಿ ಹಾಡಿಗೆ ಬೀಳುತ್ತಿದ್ದ. ಅದಕ್ಕೆ ತಕ್ಕ ಹೆಸರೇ ಆಯಿತು. ಮಿಂಚು ಅವನ ಬೆನ್ನ ಮೇಲೆ ಬೆರಳಲ್ಲಿ ಮೂರು ಸಲ ತಟ್ಟಿ ಅವನನ್ನು ಒಳಗೆ ತಳ್ಳಬೇಕಾಗಿತ್ತು. ಗುಡುಗಿನ ಆ ಬೈಗುಳದ ಹಾಡಿಗೆ ಉತ್ತರವಾಗಿ ಮಿಂಚು ಅರವತ್ತನಾಲ್ಕು ಸಾಲು ಕಟ್ಟಿಟ್ಟಿದ್ದ. ತಡವಾಗ್ ಬರುವವ ತಾಳವ ಕಲಿಸಿದ, ಅಂತ ಶುರು. ಬಾಯಿಗೆ ಬೀಗ ಇದ್ದದ್ದರಿಂದ ಅವು ಒಳಗೇ ಸುತ್ತುತ್ತಿದ್ದವು. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ.

ಮನೆಯಲ್ಲಿ ಅಮ್ಮ ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಮಕ್ಕಳ ಕಾರ್ಟೂನು ನೋಡುತ್ತಿದ್ದಳು. ನಿವೃತ್ತಿಯಾದ ಮೇಲೆ ಅವಳು ಟೀವಿಯ ತಪ್ಪು ತಿದ್ದುತ್ತಾಳೆ. ತಿದ್ದಿ ಯಾರಿಗೂ ಕಳಿಸುವುದಿಲ್ಲ, ಪುಸ್ತಕ ತುಂಬಿದ ಮೇಲೆ ಹೊಸದು ತರಿಸುತ್ತಾಳೆ. ಟೀವಿಯಲ್ಲಿ ಒಂದು ದಪ್ಪ ಕರಡಿ ಜೇನಿನ ಡಬ್ಬಿಗೆ ತಲೆ ಸಿಕ್ಕಿಸಿಕೊಂಡು ಅಳುತ್ತಿತ್ತು. ಈ ಕರಡಿ ಒಂದೇ ನೋಡು ಹಕಾರ ನೆಟ್ಟಗೆ ಹೇಳೋದು, ಅಂದಳು ಅಮ್ಮ. ಇದು ನಮ್ಮನೇಲಿ ಉಂಡು ಹೋದ ಧ್ವನಿ ಕಣೋ, ಯಾರದ್ದು ಅಂತ ನೆನಪಾಗ್ತಿಲ್ಲ. ಅಮ್ಮನಿಗೆ ವಾರ್ತೆ ಓದುವವನಿಂದ ಹಿಡಿದು ಎಲ್ಲರೂ ಹಳೇ ವಿದ್ಯಾರ್ಥಿಗಳಾಗಿಯೇ ಕೇಳುವುದರಿಂದ ಅವನು ಗಮನ ಕೊಡಲಿಲ್ಲ. ಗೋಡೆಯ ಆ ಕಡೆಯವರಿಗೆ ಕೇಳಬಾರದು ಅಂತ ಪಿಸುಮಾತಲ್ಲೇ, ಸಂಜೆ ನೋಡ್ತೀಯಲ್ವಾ ಅಂದ. ಅವಳು ಅವನ ಹಾಡು ಕೇಳಿ ಇದುವರೆಗೆ ಚೆನ್ನಾಗಿದೆ ಅಂದವಳಲ್ಲ, ಮೂರನೇ ಸಾಲಲ್ಲಿ ಒಂದು ಮಾತ್ರೆ ಜಾಸ್ತಿ ಅಂದವಳು. ಏನು ಮಾತಂತೆ, ಅಂತ ಕೇಳಿದಳು. ಅತ್ತಿಗೆ, ಅಂದ. ಅಮ್ಮನ ಬೆರಳು ತಾನಾಗಿ ಪುಸ್ತಕದ ಮೇಲೆ ಆಡಿತು. ಅತ್, ಎರಡು; ತಿ, ಒಂದು; ಗೆ, ಒಂದು. ನಾಲ್ಕು ಮಾತ್ರೆ, ಭರ್ತಿಯಾಗಿದೆ, ಕೆಡಿಸಬೇಡ, ಅಂದಳು. ಅವನಿಗೆ ಅದು ಆಶೀರ್ವಾದದ ಹಾಗೆ ಕೇಳಿಸಿತು. ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ಹೊರಟ. ಅಮ್ಮನೂ ಗುಡುಗೂ ಒಂದೇ ಹೊತ್ತಿಗೆ ಎರಡು ಕಡೆ ಕೂತು ತನ್ನ ಬಾಯಿಂದ ಆ ಒಂದು ಮಾತು ಕೇಳಬೇಕು, ಕೇಳಿ ಇಬ್ಬರೂ ಸುಮ್ಮನಾಗಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ. ಕಂತು ಮುಗಿದ ಮೇಲೆ, ಏಳೂವರೆಗೆ, ಅರವತ್ತನಾಲ್ಕು ಸಾಲು ಹಾಡಿ ಬಿಡುವುದು ಇದ್ದೇ ಇತ್ತು.

ಶೂಟಿಂಗ್ ಮನೆಯಲ್ಲಿ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಬೆಳಗ್ಗೆ ತೆಗೆದದ್ದು ಸಂಜೆ ಹೋಗಬೇಕು, ಅಷ್ಟು ಕೊನೇ ಗಳಿಗೆಗೆ ಬಂದಿತ್ತು ಕೆಲಸ. ಅತ್ತಿಗೆಯ ಪಾತ್ರ ಮಾಡುವಾಕೆ ಹಾಲಿನ ಲೋಟ ಹಿಡಿದು ಸೋಫಾದ ಮೇಲೆ ಕೂತಿದ್ದಳು. ಮೂರು ಕಂತಿನಿಂದ ಆ ಲೋಟ ಅವಳ ತುಟಿಯ ಹತ್ತಿರ ಬರುತ್ತಲೇ ಇತ್ತು. ದೀಪದ ಬಿಸಿಗೆ ಹಾಲಿನ ಮೇಲೆ ಕೆನೆ ಕಟ್ಟಿದರೆ ಒಬ್ಬ ಚಮಚದಲ್ಲಿ ತೆಗೆದು ತಾನೇ ತಿನ್ನುತ್ತಿದ್ದ. ನಿರ್ದೇಶಕ ಮಿಂಚನ್ನು ಬಾಗಿಲಲ್ಲಿ ನಿಲ್ಲಿಸಿ, ನೋಡು ಮೈದುನ, ಲೋಟ ತುಟಿಗೆ ತಾಗುತ್ತೆ, ನಿನ್ನ ಎದೆ ಏರುತ್ತೆ, ಗಂಟಲ ನರ ಉಬ್ಬುತ್ತೆ, ಬಾಯಿ ಬರಲ್ಲ, ಬರಲ್ಲ, ಬರಲ್ಲ, ಆಮೇಲೆ ಬರುತ್ತೆ, ಅಂದ. ಅವನ ನಿಜ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವರು ಮರೆತಿದ್ದರು. ಮೈದುನ ಅನ್ನುವುದೂ ನಾಲ್ಕೇ ಮಾತ್ರೆ ಅಂತ ಅವನು ಸಮಾಧಾನ ಮಾಡಿಕೊಂಡಿದ್ದ. ಕ್ಯಾಮೆರಾ ಓಡಿತು. ಲೋಟ ತುಟಿಗೆ ತಾಗಿತು. ಮಿಂಚಿನ ಎದೆ ಏರಿತು, ನರ ಉಬ್ಬಿತು, ಎಲ್ಲ ಸರಿಯಾಗಿತ್ತು, ಒಳಗೆ ಎಲ್ಲೋ ಒಂದು, ಎರಡು, ಮೂರು ಅಂತ ಎಣಿಕೆ ನಡೆದೇ ಇತ್ತು, ನಾಲ್ಕಕ್ಕೆ ಸರಿಯಾಗಿ ಅತ್ತಿಗೆ ಬಂತು. ಒತ್ತಕ್ಷರ ಡೋಲು ಬಡಿದ ಹಾಗೆ ಬಿತ್ತು. ದೀಪ ಹಿಡಿದವನ ತಲೆ ತನಗೇ ಗೊತ್ತಿಲ್ಲದೆ ತಾಳಕ್ಕೆ ಆಡಿತು.

ಕಟ್ ಅಂದ ನಿರ್ದೇಶಕ ಆಡುತ್ತಿದ್ದ ಆ ತಲೆಯನ್ನೇ ನೋಡಿದ. ಆಮೇಲೆ, ಇನ್ನೊಂದು ಸಲ ಅಂದ. ಇನ್ನೊಂದು ಸಲವೂ ಹಾಗೇ ಬಂತು. ನಿಧಾನ ಮಾಡು ಅಂದರೆ ನಿಧಾನವಾದ ತಾಳದಲ್ಲಿ ಬಂತು. ತೊದಲು ಅಂದರೆ ತೊದಲಿದ್ದೂ ತಾಳಕ್ಕೆ ಕೂತಿತು, ಅ ಅ ಅತ್ ಅತ್ತಿಗೆ ಅಂತ, ಇನ್ನೇನು ಸಂಗೀತ ಹಾಕಿದರೆ ಕುಣಿಯಬಹುದು ಅನ್ನುವ ಹಾಗೆ. ಎಂಟನೇ ಸಲಕ್ಕೆ ಎರಡನೇ ಮಾತ್ರೆ ಬಾಯಿಗೆ ಹೋಯಿತು. ಹದಿಮೂರನೇ ಸಲಕ್ಕೆ ಅತ್ತಿಗೆಯ ಕೈ ಸೋತು, ಲೋಟ ವಾಲಿ, ಸೀರೆಯ ಮೇಲೆ ಹಾಲು ಚೆಲ್ಲಿತು. ಅವಳು ಬೈಯಲಿಲ್ಲ, ಪಾಪ ಅಂದಳು, ಬೈದಿದ್ದರೆ ವಾಸಿಯಾಗಿತ್ತು. ಮಿಂಚು ಕಣ್ಣು ಮುಚ್ಚಿ ಎಣಿಸದೇ ಇರಲು ನೋಡಿದ. ಎಣಿಸಬಾರದು ಅನ್ನುವುದನ್ನೇ ಮನಸ್ಸು ನಾಲ್ಕು ನಾಲ್ಕಾಗಿ ಮುರಿದು ಹೇಳಿತು. ನಿರ್ದೇಶಕ ಬಂದು ಅವನ ಹೆಗಲ ಮೇಲೆ ಕೈಹಾಕಿ ಕಿಟಕಿಯ ಹತ್ತಿರ ಕರೆದುಕೊಂಡು ಹೋದ. ಇಪ್ಪತ್ತು ಜನ ಬೇರೆ ಬೇರೆ ಕಡೆ ನೋಡುತ್ತಾ ನಿಂತರು. ಬಾಯಿ ಆಡಿಸಿದರೆ ಸಾಕು, ಧ್ವನಿ ಆಮೇಲೆ ಬೇರೆ ಯಾರ ಹತ್ತಿರವಾದರೂ ಹಾಕಿಸ್ತೀನಿ, ಅಂದ.

"ಸಾರ್, ಧ್ವನಿ ನಂದೇ ಇರಲಿ," ಅಂದ ಮಿಂಚು. ನಲವತ್ತೊಂದು ದಿನ ಆದಮೇಲೆ ಅಷ್ಟು ಜೋರಾಗಿ ಅವನು ಆಡಿದ ಸ್ವಂತ ಮಾತು ಅದೊಂದೇ.

"ನಿನ್ನ ಧ್ವನಿ ತುಂಬ ಚೆನ್ನಾಗಿದೆ ಕಣಯ್ಯ," ಅಂದ ನಿರ್ದೇಶಕ. "ಅದೇ ತೊಂದರೆ. ಹದಿನೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಹಿಂಗೆ ಮಾತಾಡಲ್ಲ."

ನಲವತ್ತೊಂದು ದಿನ ಮುಚ್ಚಿಕೊಂಡಿದ್ದವನು ಹೀಗೇ ಮಾತಾಡುತ್ತಾನೆ ಸಾರ್ ಅನ್ನಬೇಕು ಅನ್ನಿಸಿತು. ಬಾಗಿಲಲ್ಲಿ ನಿಂತು ಶಬ್ದವಿಲ್ಲದೆ ಬಾಯಿ ಆಡಿಸಿದ. ಒಂದೇ ಸಲಕ್ಕೆ ಓಕೆ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಕೆನೆ ತಿನ್ನುವವನೂ ತಟ್ಟಿದ.

ಡಬ್ಬಿಂಗಿಗೆ ಅವನನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದ, ತನ್ನ ಹಲ್ಲು ಕೀಳುವುದನ್ನು ತಾನೇ ನೋಡಬೇಕು ಅನ್ನುವಂಥ ಹಟದಿಂದ. ಶಬ್ದ ಹಿಡಿಯುವ ಮೇಡಂ ಗಾಜಿನ ಈ ಕಡೆ ಗುಂಡಿಗಳ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ಗಾಜಿನ ಆ ಕಡೆ ಸಣ್ಣ ಕೋಣೆ, ಒಂದು ಮೈಕು, ಒಂದು ಪರದೆ. ಬರೋರು ತುಂಬ ಒಳ್ಳೇ ಕಲಾವಿದರು, ನಮಗೆ ಎರಡು ವರ್ಷದಿಂದ ಕಾಯಂ, ಅಂತ ಅವಳು ಹೇಳಿದಳು. ಬಟ್ಟೆ ಸೋಪಿನ ಜಾಹೀರಾತಿನಲ್ಲಿ ಮಾತಾಡುವ ಕೊಳೆ ಇದೆಯಲ್ಲ, ಅದು ಅವರೇ. ಮಲಬದ್ಧತೆಯ ಪುಡಿಯಲ್ಲಿ ಬೆಳಗ್ಗೆ ಎದ್ದು ನಗುವವರು ಅವರೇ. ಮಕ್ಕಳ ಕಾರ್ಟೂನಿನ ಕರಡಿ ಗೊತ್ತಲ್ಲ? ಮಿಂಚು ಕರಡಿ ಗೊತ್ತು ಅಂತ ತಲೆಯಾಡಿಸುತ್ತಿರುವಾಗ ಬಾಗಿಲು ತಳ್ಳಿಕೊಂಡು ಬಂದವನು ಗುಡುಗು. ಬಗಲಲ್ಲಿ ಚೀಲ, ಕೈಯಲ್ಲಿ ನೀರಿನ ಬಾಟಲಿ, ದಿನಾ ಆಫೀಸಿಗೆ ಬರುವವನ ಚಪ್ಪಲಿ. ಇಬ್ಬರೂ ನಿಂತಲ್ಲೇ ನಿಂತರು. ಗುಡುಗಿನ ಮುಖದಲ್ಲಿ ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಕಳೆ ಬಂತು, ಹೋಯಿತು. ಮಿಂಚಿಗೆ ಮೊದಲು ಬಂದದ್ದು ನಗು. ಮೌನವ ಕೊಂಡನು ಅಂತ ಬೈದವನು ಇಲ್ಲಿ ಕೊಳೆಯಾಗಿ ಮಾತಾಡುತ್ತಿದ್ದಾನೆ. ನಗುವಿನ ಹಿಂದೆಯೇ ಲೆಕ್ಕ ಬಂತು, ಎರಡು ವರ್ಷ ಅಂದರೆ ನಾವಿಬ್ಬರೂ ಜೊತೆಗಿದ್ದಾಗಲೇ. ಹಲ್ಲು ನೋವು ಅಂತ ಅಭ್ಯಾಸಕ್ಕೆ ಬಾರದ ದಿನಗಳು, ಅಕ್ಕನ ಮನೆಗೆ ಹೋಗಿದ್ದೆ ಅಂದ ದಿನಗಳು. ಅಕ್ಕನ ಮನೆಯಲ್ಲ, ಜೇನಿನ ಡಬ್ಬಿ. ಅವನೂ ಹೇಳಿರಲಿಲ್ಲ, ಇವನೂ ಹೇಳಿರಲಿಲ್ಲ. ಯಾರ ಮೇಲೆ ಯಾರು ಸಿಟ್ಟು ಮಾಡಬೇಕು ಅನ್ನುವುದೇ ಕಲಸಿಹೋಯಿತು. ಇಬ್ಬರಿಗೂ ಪರಿಚಯವಾ ಅಂತ ಮೇಡಂ ಕೇಳಿದಳು. ಗುಡುಗು, ಟೀವಿಯಲ್ಲಿ ನೋಡಿದ್ದೀನಿ, ಅಂದ.

ಪರದೆಯ ಮೇಲೆ ಮಿಂಚಿನ ಮುಖ ಬಂತು, ಗೋಡೆಯಷ್ಟು ದೊಡ್ಡದಾಗಿ. ಬಾಯಿ ತೆರೆಯಿತು, ಮುಚ್ಚಿತು. ಅರ್ಧ ಮಾತ್ರೆ ತಡವಾಗಿ ಗುಡುಗಿನ ಅತ್ತಿಗೆ ಬಂತು. ತುಟಿ ಮುಗಿದ ಮೇಲೆ ನಿಮ್ಮ ಗೆ ಬರ್ತಿದೆ ಅಂದಳು ಮೇಡಂ. ಮತ್ತೆ. ಮತ್ತೆ ತಡ. ಇವತ್ತೇನು ಸಾರ್, ಕರಡಿಗೆ ಯಾವತ್ತೂ ಹಿಂಗೆ ಮಾಡಿದವರಲ್ಲ, ಅಂತ ಅವಳು ತಮಾಷೆ ಮಾಡಿದಳು. ಏಳು ಸಲ ಆಯಿತು. ಗಾಜಿನ ಆ ಕಡೆ ಗುಡುಗಿನ ಅಂಗಿ ಬೆನ್ನಿಗೆ ಅಂಟಿತ್ತು. ತನ್ನ ಮುಖ, ಅವನ ಗಂಟಲು, ಎರಡೂ ಸೇರಿ ಒಂದು ಮಾತು ಹುಟ್ಟುತ್ತಿಲ್ಲವಲ್ಲ ಅಂತ ಮಿಂಚಿಗೆ ನಾಚಿಕೆಯಾಯಿತು. ಸೋತುಹೋಗಲಿ ಅಂತ ಕೂತಿರಬಹುದಿತ್ತು. ಇನ್ನು ಎರಡು ಸಲ ತಪ್ಪಿದರೆ ನಿರ್ದೇಶಕನಿಗೆ ಫೋನು ಹೋಗುತ್ತಿತ್ತು, ಬೇರೆ ದಾರಿಯಿಲ್ಲದೆ ಇವನ ಧ್ವನಿಯನ್ನೇ ಹಾಕುತ್ತಿದ್ದರೋ ಏನೋ. ಆ ಆಸೆ ಅವನಿಗೆ ಬರಲಿಲ್ಲ ಅಂದರೆ ಸುಳ್ಳು. ಬಂತು, ನಾಲಿಗೆಯ ತುದಿಗೇ ಬಂತು. ಆದರೆ ಬೆರಳು ಅಷ್ಟರಲ್ಲಿ ತೊಡೆಯ ಮೇಲೆ ತಟ್ಟುವುದಕ್ಕೆ ಶುರುಮಾಡಿತ್ತು. ಎದ್ದು, ಚಪ್ಪಲಿ ಬಿಟ್ಟು, ಶಬ್ದವಾಗದ ಹಾಗೆ ಕೋಣೆಯ ಬಾಗಿಲು ತೆಗೆದು ಅವನ ಹಿಂದೆ ನಿಂತ. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಎದೆ ಏರಿತು, ನರ ಉಬ್ಬಿತು. ಒದ್ದೆಯಾದ ಬೆನ್ನಿನ ಮೇಲೆ, ಎರಡು ರೆಕ್ಕೆಮೂಳೆಗಳ ನಡುವಿನ ಹಳೆಯ ಜಾಗದಲ್ಲಿ, ಮಿಂಚು ತಟ್ಟಿದ. ಒಂದು. ಎರಡು. ಮೂರು.

ಅತ್ತಿಗೆ ಅಂತ ಬಂದದ್ದು ತುಟಿಗೆ ಸರಿಯಾಗಿ ಕೂತಿತು. ಆದರೆ ಅದು ಒಡೆದು ಬಂತು, ಮಧ್ಯದ ಒತ್ತಕ್ಷರದ ಹತ್ತಿರ ಗಂಟಲು ಕಟ್ಟಿ, ಗೆ ಅನ್ನುವುದು ಬರೀ ಉಸಿರಾಗಿ. ಹದಿನೆಂಟು ವರ್ಷ ಮಾತು ಬಿಟ್ಟವನು ಹಾಗೆಯೇ ಮಾತಾಡುತ್ತಾನೆ ಅಂತ ಯಾರು ಬೇಕಾದರೂ ನಂಬುತ್ತಿದ್ದರು. ಮೇಡಂ ಗಾಜಿನ ಆ ಕಡೆ ಕಣ್ಣೊರೆಸಿಕೊಂಡು ಹೆಬ್ಬೆರಳು ತೋರಿಸಿದಳು. ಇದು ನಟನೆಯಲ್ಲ ಅಂತ ಗೊತ್ತಿದ್ದವನು ಮಿಂಚು ಒಬ್ಬನೇ. ಬೆನ್ನು ಇನ್ನೂ ಅವನ ಕೈ ಕೆಳಗೆ ನಡುಗುತ್ತಿತ್ತು.

ಹೊರಗಿನ ಮೋಟು ಬೆಂಚಿನ ಮೇಲೆ ಇಬ್ಬರೂ ಕೂತರು. ಮಿಂಚು ಉಳಿದ ಎರಡು ಮಾತ್ರೆಯಲ್ಲಿ ಒಂದನ್ನು ಅವನಿಗೆ ಕೊಟ್ಟು ಒಂದನ್ನು ತಾನು ಬಾಯಿಗೆ ಹಾಕಿಕೊಂಡ. ನಿಯಮದ ಪ್ರಕಾರ ಅಲ್ಲಿ ಮಾತಾಡಬಹುದಾಗಿತ್ತು, ಆ ಕಾರಿಡಾರಿನಲ್ಲಿ ಸಾರ್ವಜನಿಕರು ಅಂದರೆ ನೆಲ ಒರೆಸುವಾಕೆ ಒಬ್ಬಳೇ, ಅವಳೂ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು. ಅರವತ್ತನಾಲ್ಕು ಸಾಲೂ ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಎತ್ತಿ ನೋಡಿದ. ತಡವಾಗ್ ಬರುವವ. ಈಗ ತಾನೇ ಆ ತಡವನ್ನು ಬೆರಳಿಂದ ಮುಟ್ಟಿ ಬಂದಿದ್ದ, ಅದನ್ನು ಇಟ್ಟುಕೊಂಡು ಹೊಡೆಯಲು ಕೈ ಬರಲಿಲ್ಲ.

"ಬರಲ್ಲ ಅಂತ ಒಂದು ಮಾತು ಹೇಳಬಹುದಿತ್ತು," ಅಂದ ಗುಡುಗು, ಎದುರಿನ ಗೋಡೆಗೆ. "ಹಾಡು ಮುಗಿಯೋ ತನಕ ಬರ್ತೀಯ ಅಂತಲೇ ಜಾಗ ಬಿಟ್ಟುಕೊಂಡಿದ್ದೆ."

ಮಿಂಚು ಬಾಯಿ ತೆರೆದ. ಬಾಯಿ ಬರಲಿಲ್ಲ, ಬರಲ್ಲ, ಬರಲ್ಲ ಅಂತ ನಿರ್ದೇಶಕ ಹೇಳಿದ ಹಾಗೆಯೇ. ಬೆಳಗ್ಗೆಯಿಂದ ಹದಿಮೂರು ಸಲ ನಟಿಸಲು ಆಗದೇ ಇದ್ದದ್ದು ಈಗ ಕ್ಯಾಮೆರಾ ಇಲ್ಲದ ಕಡೆ ತಾನಾಗಿ ಆಗುತ್ತಿತ್ತು. ಗುಡುಗು ಬಾಯಲ್ಲಿದ್ದ ಮಾತ್ರೆ ಕರಗುವ ತನಕ ಕಾದ. ಆಮೇಲೆ ಚೀಲ ಹೆಗಲಿಗೇರಿಸಿ, ಐದಕ್ಕೆ ಇನ್ನೊಂದು ಇದೆ, ನೆಲ ತೊಳೆಯೋ ದ್ರಾವಣದ್ದು, ಅಂತ ಎದ್ದು ಹೋದ. ಮಿಂಚು ಫೋನು ಹಿಡಿದು, ಕ್ಷಮಿಸು ಅಂತ ಒತ್ತಿ, ಅಳಿಸಿ, ಏಳೂವರೆಗೆ ಫೋನ್ ಮಾಡು ಅಂತ ಕಳಿಸಿದ. ಬೆರಳಿಗೆ ಒಪ್ಪಂದವಿರಲಿಲ್ಲ, ಅಷ್ಟನ್ನು ಮಾಡಲು ನಲವತ್ತೊಂದು ದಿನ ಬೇಕಾಯಿತು.

ಸಂಜೆ ಏಳಕ್ಕೆ ಮನೆ ತುಂಬ ಜನ. ತಿಂಗಳ ಹಿಂದೆ ಬಂದ ಬಾಡಿಗೆ ಮನೆ, ನೆರೆಯವರಿಗೆಲ್ಲ ಅವನು ಮಾತಿಲ್ಲದ ಮೈದುನನಾಗಿಯೇ ಪರಿಚಯ. ಕುರ್ಚಿ ಸಾಲದೆ ಚಾಪೆ ಹಾಸಿದ್ದರು. ಔಷಧಿ ಅಂಗಡಿಯ ಹೆಂಗಸು ಅಂಗಡಿ ಮುಚ್ಚಿ ವಿಳಾಸ ಕೇಳಿಕೊಂಡು ಬಂದಿದ್ದಳು, ಅರ್ಧ ಮಾತು ತನ್ನದೇ ಅನ್ನುವ ಹಕ್ಕಿನಿಂದ ಮುಂದೆಯೇ ಕೂತಳು. ಅಮ್ಮ ಕೆಂಪು ಪೆನ್ನು ಹಿಡಿದು ತನ್ನ ಜಾಗದಲ್ಲಿ. ಲೋಟ ತುಟಿಯ ಹತ್ತಿರ ಬಂದಾಗ ಜಾಹೀರಾತು ಬಂತು. ನನ್ನನ್ನು ಯಾರೂ ತೊಳೆಯಲಾರರು, ಅಂತ ಒಂದು ಅಂಗಿಯ ಮೇಲಿನ ಕೊಳೆ ಅಬ್ಬರಿಸಿತು. ಈ ಧ್ವನಿಯನ್ನು ಇಷ್ಟು ದಿನ ಹೇಗೆ ಕೇಳಿಸಿಕೊಳ್ಳಲಿಲ್ಲ ಅಂತ ಮಿಂಚು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಮತ್ತೆ ಲೋಟ, ಮತ್ತೆ ಬಾಗಿಲು, ಅವನ ಮುಖ. ಒಳಗೆ ಎಣಿಕೆ ನಡೆಯಿತು. ನಾಲ್ಕಕ್ಕೆ ಅತ್ತಿಗೆ ಬಂತು. ಚಾಪೆಯ ಮೇಲಿನವರು ಒಟ್ಟಿಗೆ ಉಸಿರು ಬಿಟ್ಟರು. ಅಂಗಡಿಯವಳು ಜೋರಾಗಿಯೇ ಅತ್ತಳು, ನನ್ನ ಮಾತ್ರೆ ಕೆಲಸ ಮಾಡಿತು ಅಂದಳು. ಅದು ಒಂದು ರೀತಿಯಲ್ಲಿ ನಿಜವೂ ಆಗಿತ್ತು. ಎಲ್ಲರೂ ತಿರುಗಿ ಅವನ ಬಾಯಿ ನೋಡಿದರು. ಏನಾದರೂ ಮಾತಾಡು ಮೈದುನ, ಒಂದೇ ಒಂದು ಮಾತು. ಒಪ್ಪಂದ ಆಗತಾನೇ ಮುಗಿದಿತ್ತು, ಊರು ಬಾಯಿ ನೋಡುತ್ತಾ ಕೂತಿತ್ತು, ಇದಕ್ಕಾಗಿಯೇ ಅಲ್ಲವೇ ಸಹಿ ಹಾಕಿದ್ದು. ಅವನು ಎದೆ ಮುಟ್ಟಿಕೊಂಡ. ಪಾಪ ಅಭ್ಯಾಸ ತಪ್ಪಿಹೋಗಿದೆ, ಸುಧಾರಿಸಿಕೊಳ್ಳಲಿ, ಅಂತ ಅವರವರೇ ಸಮಾಧಾನ ಹೇಳಿಕೊಂಡು ಎದ್ದರು.

ಜನ ಹೋದ ಮೇಲೆ ಅಮ್ಮ ಚಾಪೆ ಸುತ್ತಿದಳು. ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. ಅವನು ಅಪರಾಧಿಯ ಹಾಗೆ ಬಾಗಿಲ ಹತ್ತಿರವೇ ನಿಂತಿದ್ದ, ಟೀವಿಯಲ್ಲಿ ನಿಂತ ಹಾಗೆಯೇ. ಅದು ನನ್ನ ಧ್ವ, ಅಂತ ಅವನು ಶುರುಮಾಡಿದ.

"ನಿನ್ನದಲ್ಲ ಅಂತ ಗೊತ್ತಾಯಿತು ಬಿಡು," ಅಂದಳು ಅಮ್ಮ. "ಹೆತ್ತವಳಿಗೆ ಅಷ್ಟೂ ಗೊತ್ತಾಗಲ್ವಾ? ಅದು ಗುಡುಗಪ್ಪ. ಕರಡಿಯೂ ಅವನೇ, ಈಗ ನೆನಪಾಯಿತು. ಆದರೆ ಅವನು ಅಷ್ಟು ಸರಿಯಾಗಿ ಬೀಳೋನಲ್ಲ, ಹಿಂದೆ ನೀನಿದ್ದೆ."

ಅವನು ಹೂಂ ಅಂದ. ಅಮ್ಮ ಅಡುಗೆಮನೆಗೆ ಹೋಗುತ್ತಾ, ನಿಮ್ಮಿಬ್ಬರ ಜಗಳದಲ್ಲಿ ನಾನು ದಿನಾ ಅಡುಗೆ ಜಾಸ್ತಿ ಮಾಡಿ ಮಾರನೇ ದಿನ ಅದನ್ನೇ ತಿಂತಾ ಇದ್ದೀನಿ, ಊಟಕ್ಕೆ ಬರಹೇಳು ಅವನಿಗೆ, ಅಂದಳು. ಒಳಗಿಂದ ತಟ್ಟೆಗಳ ಸದ್ದು ಬಂತು. ಒಂದು, ಎರಡು, ಮೂರು.

ಏಳೂವರೆಗೆ ಅರ್ಧ ನಿಮಿಷ ತಡವಾಗಿ ಫೋನು ಬಡಿದುಕೊಂಡಿತು. ಎತ್ತಿದ. ಆ ಕಡೆ ಗುಡುಗು ಕೂತಿದ್ದ ಬಸ್ಸಿನ ಸದ್ದು ಕೇಳುತ್ತಿತ್ತು. ಈ ಕಡೆ ಮಿಂಚು ಬಾಯಿ ತೆರೆದು ನಿಂತ. ಅರವತ್ತನಾಲ್ಕು ಸಾಲಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ, ಕ್ಷಮಿಸು ಅನ್ನುವ ಮೂರು ಅಕ್ಷರವೂ ಗಂಟಲಲ್ಲೇ ಅಡ್ಡಡ್ಡ ಕೂತಿತ್ತು. ಎದೆ ಏರಿತು, ನರ ಉಬ್ಬಿತು. ಗುಡುಗು ಫೋನು ಇಡಲಿಲ್ಲ. ಕಾದ. ಆಮೇಲೆ ಆ ಕಡೆಯಿಂದ ಉಗುರಿನಲ್ಲಿ ಫೋನಿನ ಬೆನ್ನು ತಟ್ಟುವುದು ಕೇಳಿಸಿತು. ಟಕ್. ಟಕ್. ಟಕ್.

"ಊಟಕೆ ಬಾರೋ," ಅಂದ ಮಿಂಚು. ನಾಲ್ಕು, ನಾಲ್ಕು. ಧ್ವನಿ ಅವನದೇ, ಒಡೆದು ಬಂದಿತ್ತು.

"ಊಟಕ್ಕೆ ಕಣೋ. ಒಂದು ಕ ಎಲ್ಲಿ ಹೋಯಿತು?" ಅಂತ ಅಡುಗೆಮನೆಯಿಂದ ಅಮ್ಮ ಕೇಳಿದಳು.

ಅರ್ಧ ಮಾತ್ರೆ ತಡವಾಗಿ, ಫೋನಿನೊಳಗಿಂದಲೂ ಅದೇ ಪ್ರಶ್ನೆ ಬಂತು.